ಎವೆಲಿಯೊ ಹಾಕಿಕೊಟ್ಟ ಕ್ಯಾಮೆರಾಗಳು

ನನ್ನ ಗಂಡ ಎವೆಲಿಯೊ ಮೊದಲು ಫ್ಯಾನ್ ರಿಪೇರಿ ಮಾಡುತ್ತಿದ್ದ. ಸೊಲೆದಾದ್ ಊರಿನ ನಮ್ಮ ಬೀದಿಯಲ್ಲಿ ಕಳ್ಳತನ ಹೆಚ್ಚಿದ ಮೇಲೆ ಮನೆಮನೆಯೊಳಗೂ ಕ್ಯಾಮೆರಾ ಹಾಕಿಕೊಟ್ಟ. ಮಾತು ಕಡಿಮೆ. ಏಣಿ ಹತ್ತಿದರೆ ಮಾತ್ರ ಸಿಳ್ಳೆ. ಫೋನಿನಲ್ಲಿ ಕ್ಯಾಮೆರಾ ನೋಡುವ ಪಾಸ್‌ವರ್ಡ್ ಯಾರಿಗೂ ನೆನಪಿರುತ್ತಿರಲಿಲ್ಲ. ಊಟಕ್ಕೆ ಕೂತರೂ ಬಂದು ಕೇಳುವವರೇ. ಕೊನೆಗೆ ಎಲ್ಲದರ ಪಾಸ್‌ವರ್ಡ್ ತೆಗೆದುಬಿಟ್ಟ. "ಸೆಖೆಗೆ ಇಡೀ ದಿನ ಬಾಗಿಲು ತೆರೆದಿಟ್ಟುಕೊಳ್ಳೋ ಬೀದಿ ಇದು. ಇದಕ್ಯಾಕೆ ಬೀಗ?" ಎಂದ. ನಾವೂ ಹೌದೆಂದೆವು.

ಒಂದು ದಿನ ಏಣಿ ಇಳಿದವನು ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ.

ಸತ್ತವರಿಗೆ ನಮ್ಮಲ್ಲಿ ಒಂಬತ್ತು ಸಂಜೆ ಪ್ರಾರ್ಥನೆ. ಕೊನೆಯ ಸಂಜೆ ಇಡೀ ಬೀದಿ ಬಂದು ಕೂರುತ್ತದೆ. ಅದು ಪೂರ್ತಿಯಾದರೇ ಜೀವ ಮನೆ ಬಿಡುವುದು.

ಆ ಸಂಜೆ ಪ್ರಾರ್ಥನೆ ಶುರುವಾಗಿತ್ತು. ಮೊಬೈಲ್ ಅಂಗಡಿಯಲ್ಲಿ ದುಡಿಯುವ ಪಕ್ಕದ ಮನೆಯ ನಿಡಿಯಾ ತಡವಾಗಿ ಬಂದವಳು ನನ್ನನ್ನು ಅಡುಗೆಮನೆಗೆ ಎಳೆದಳು. ಅವಳ ಫೋನಿನಲ್ಲಿ ನಮ್ಮ ಬೀದಿಯ ಮನೆಗಳೆಲ್ಲ ಸಾಲಾಗಿ ಕಾಣುತ್ತಿದ್ದವು.

"ಅತ್ತೆ, ಪಾಸ್‌ವರ್ಡ್ ಇಲ್ಲದ್ದಕ್ಕೆ ಇದು ಇಂಟರ್ನೆಟ್ಟಲ್ಲಿ ಸುಮ್ಮನೆ ಬಿದ್ದಿದೆ. ಯಾರು ಬೇಕಾದ್ರೂ ನೋಡಬಹುದು."

"ಯಾರು ಬೇಕಾದ್ರೂ ಅಂದ್ರೆ?"

"ಕಳ್ಳನೂ. ಈಗ ಮನೆಗಳೆಲ್ಲ ಖಾಲಿ ಅಂತ ಅವನಿಗೂ ಗೊತ್ತಾಗುತ್ತೆ."

ಒಂದು ಮನೆ ಮಾತ್ರ ಖಾಲಿ ಇರಲಿಲ್ಲ. ಪ್ರಾರ್ಥನೆಗೆ ಬಂದು ಕೂತಿದ್ದ ತುಲಿಯಾಳ ಮುದಿ ತಾಯಿ ಅಲ್ಲಿ ಹಾಸಿಗೆಯಲ್ಲಿದ್ದಳು, ಒಬ್ಬಳೇ. ಬಾಗಿಲು ತೆರೆದಿತ್ತು.

ಹೇಳಿದರೆ ಗಂಡನ ಹೆಸರು ಹಾಳು, ಪ್ರಾರ್ಥನೆ ಅರ್ಧಕ್ಕೆ. ಹೇಳದಿದ್ದರೆ ಆ ಮುದುಕಿ.

ಹೋಗಿ ಹೇಳಿದೆ. "ಎಲ್ಲರೂ ಮನೆಗೆ ನಡೀರಿ. ಕ್ಯಾಮೆರಾ ವೈರು ಕೀಳಿ. ನನ್ನ ಗಂಡ ಅದಕ್ಕೆ ಬೀಗ ಹಾಕದೆ ಬಿಟ್ಟಿದ್ದ. ನಮ್ಮ ಮನೆಗಳನ್ನ ಊರೆಲ್ಲ ನೋಡ್ತಿದೆ."

ತುಲಿಯಾ ಬರಿಗಾಲಲ್ಲಿ ಓಡಿದಳು.

"ಅಂದ್ರೆ ನಾನು ಚಡ್ಡೀಲಿ ಕುಣಿದಿದ್ದೂ?" ಎಂದ ಕಟುಕ ಅರ್ನುಲ್ಫೊ.

"ಅದನ್ನ ನೋಡಿದ ಕಳ್ಳ ಈ ಕಡೆ ತಲೆ ಹಾಕಲ್ಲ. ನಡಿ," ಎಂದಳು ಅವನ ಹೆಂಡತಿ. ಯಾರೂ ನಗಲಿಲ್ಲ.

ಪ್ರಾರ್ಥನೆ ಹೇಳಿಸುವ ಮುದುಕಿ ಓಫೆಲಿಯಾ ಜಪಮಾಲೆ ಬಿಡಲಿಲ್ಲ. "ಅರ್ಧಕ್ಕೆ ನಿಲ್ಸಿದ್ರೆ ಎವೆಲಿಯೊ ಎಲ್ಲಿಗೆ ಹೋಗ್ಬೇಕು, ಮಗಳೇ?"

"ಕಾಯ್ಲಿ."

ಆಕೆ ನನ್ನ ಮುಖ ನೋಡಿದಳು. ಎದ್ದು ಹೋಗಿ ನಡುಬೀದಿಯಲ್ಲಿ ನಿಂತು, ಬಿಟ್ಟಲ್ಲಿಂದ ಗಟ್ಟಿಯಾಗಿ ಹೇಳತೊಡಗಿದಳು. ವೈರು ಕಿತ್ತು ಬಂದವರು ತಂತಮ್ಮ ಬಾಗಿಲಲ್ಲೇ ಕುರ್ಚಿ ಹಾಕಿ ದನಿಗೂಡಿಸಿದರು. ಅಮ್ಮ ಚೆನ್ನಾಗಿದ್ದಾಳೆ ಎಂದು ತುಲಿಯಾ ಕೈಸನ್ನೆ ಮಾಡಿದಳು.

ಆಗ ಗುರುತಿಲ್ಲದ ಬೈಕೊಂದು ನಿಧಾನವಾಗಿ ಬಂತು. ಸವಾರ ಒಂದೊಂದೇ ಬಾಗಿಲು ನೋಡಿಕೊಂಡು ಹೋದ. ಮೂಲೆಯಲ್ಲಿ ತಿರುಗಿಸಿ ಮತ್ತೆ ಬಂದ. ಓಫೆಲಿಯಾ ದಾರಿ ಬಿಡಲಿಲ್ಲ. ಅವನೇ ಬಳಸಿಕೊಂಡು ಹೋದ.

ಪ್ರಾರ್ಥನೆ ಮುಗಿಯಿತು. ಯಾರೂ ಬಾಗಿಲು ಬಿಟ್ಟು ಕದಲಲಿಲ್ಲ.