ಎರಡು ಕಾಲಕ್ಕೂ ಒಂದೇ ಶಬ್ದ

ಗೆಳೆಯರೇ, 1983ರ ಇದೇ ದಿನ ನಡೆದದ್ದನ್ನು ಹೇಳುತ್ತೇನೆ. ಆಗ ನಾನು ಬೆಳಗಾವಿಯಲ್ಲಿ ನರ್ಸ್. ಪೆರು ದೇಶದ ಆಸ್ಪತ್ರೆಯೊಂದಕ್ಕೆ ಹೋಗಬೇಕೆಂದರೆ ಸ್ಪ್ಯಾನಿಷ್ ಪರೀಕ್ಷೆ ಪಾಸಾಗಬೇಕಿತ್ತು. ಖಾನಾಪುರದ ಹಂಚಿನ ಕಾರ್ಖಾನೆಗೆ ರಜೆ ಹಾಕಿ ಅಪ್ಪನೂ ಬಂದು ನನ್ನ ಪಕ್ಕ ಕುಳಿತಿದ್ದರು. ನನಗೆ ನಪಾಸಾಗುವ ಭಯ, ಅವರಿಗೆ ನಾನು ಪಾಸಾಗುವ ಭಯ.

ಸ್ಪೇನಿನಿಂದ ಬಂದು ಇಲ್ಲಿಯ ಕನ್ನಡ ಕಲಿತಿದ್ದ ಕ್ರೈಸ್ತ ಸನ್ಯಾಸಿನಿ, ನಮ್ಮ ಪರೀಕ್ಷಕಿ ಸಿಸ್ಟರ್, 'ವಿವಿರ್', ಅಂದರೆ 'ಬದುಕು' ಎಂಬ ಕ್ರಿಯಾಪದದ ರೂಪಗಳನ್ನು ಕೇಳಿದರು. "ವಿವೋ, ವಿವೆಸ್, ವಿವೆ, ವಿವಿಮೋಸ್" ಎನ್ನುತ್ತ ಹೇಗೋ ವರ್ತಮಾನಕಾಲ ಮುಗಿಸಿದೆ. ಭೂತಕಾಲದಲ್ಲಿ 'ನಾವು' ಬಂದಾಗಲೂ ಬಾಯಿಂದ 'ವಿವಿಮೋಸ್' ಎಂದೇ ಹೊರಟಿತು. ತಪ್ಪಿದೆನೆಂದೇ ಅಂದುಕೊಂಡೆ.

"ಬರೋಬ್ಬರಿ ಐತಿ," ಎಂದರು ಸಿಸ್ಟರ್. "ಬದುಕತೀವಿ, ಬದುಕಿದ್ವಿ, ಎರಡಕ್ಕೂ ಅದ ಒಂದ ಶಬ್ದ."

ಅಪ್ಪ ಮುಂದೆ ಬಾಗಿ ಕೇಳಿದರು: "ಹಂಗಾದ್ರ ಅಲ್ಲಿ ಮಂದಿ ಇನ್ನೂ ಬದುಕ್ಯಾರೋ, ಬದುಕಿ ಹೋಗ್ಯಾರೋ, ನಮಗ ಹ್ಯಾಂಗ ತಿಳೀತೈತ್ರೀ?"

ಸಿಸ್ಟರ್ ನಗಲಿಲ್ಲ. "ಅದರ ಜೋಡಿ 'ಈಗ' ಅಂತ ಹಚ್ಚಿದ್ರ ತಿಳೀತೈತ್ರಿ."

ನಾನು ಪಾಸಾದೆ. ಅಪ್ಪ ಖಾನಾಪುರದ ಬಸ್ ಹತ್ತುವಾಗ ಹೇಳಿದರು: "ಪತ್ರದಾಗ 'ಈಗ' ಅನ್ನೂದು ಮರೀಬ್ಯಾಡವಾ."

ಪೆರುವಿನಿಂದ ಬರೆದ ಪ್ರತಿ ಪತ್ರದಲ್ಲೂ 'ಈಗ ಆರಾಮ ಇದ್ದೇನೆ' ಎಂದು ಮೊದಲೇ ಬರೆಯುತ್ತಿದ್ದೆ. ಅದು ಖಾನಾಪುರ ಮುಟ್ಟಲು ತಿಂಗಳು ಹಿಡಿಯುತ್ತಿತ್ತು. ಪಾಪ, ಅಪ್ಪನ ಕೈಗೆ ಸಿಗುತ್ತಿದ್ದ 'ಈಗ' ಯಾವಾಗಲೂ ಹಳೆಯದೇ.