ಬಿಟ್ಟ ಫಾರಂ

ಬೈಂಡಿಂಗ್ ಅಕ್ಕ ಹೊಲಿದ ಪುಸ್ತಕಗಳಿಗೆ ಲೆಕ್ಕವಿಲ್ಲ. ಓದಿದ್ದು ಒಂದೂ ಇರಲಿಲ್ಲ. ಮಡಚಿದ ಹಾಳೆಗಳ ಕಟ್ಟಿಗೆ ಪ್ರೆಸ್ಸಿನಲ್ಲಿ ಫಾರಂ ಎನ್ನುತ್ತಾರೆ. ಅವನ್ನು ಸಾಲಾಗಿ ಜೋಡಿಸುವಾಗ ಅಕ್ಕ ನೋಡುತ್ತಿದ್ದುದು ಪುಟದ ಸಂಖ್ಯೆಯನ್ನಷ್ಟೇ. ಮೊನ್ನೆ ಕರೆಂಟು ಹೋಗಿ ಕತ್ತರಿಸುವ ಯಂತ್ರ ನಿಂತಾಗ, ಹೊತ್ತು ಹೋಗದೆ ಕಾಲೇಜು ಹುಡುಗ ಹುಡುಗಿಯ ಪ್ರೇಮಕಥೆಯೊಂದನ್ನು ಹಿಡಿದು ಕೂತಳು. ಕೊನೆಯ ಫಾರಂನಲ್ಲಿ ಹುಡುಗ ಸತ್ತ. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ಪಕ್ಕದ ಮೇಜಿನವಳು ಮುಸಿಮುಸಿ ನಕ್ಕಳು. "ಮೊಮ್ಮಕ್ಕಳು ಓದೋ ಕಥೆಗೆ ನೀನು ಅಳ್ತಿದೀಯಲ್ಲಕ್ಕ."

"ಅಳ್ತೀನಿ. ನಿನ್ನ ಕಣ್ಣಿಂದ ಅಳ್ತಿದೀನಾ?"

ಸಂಜೆ ಮಾಲೀಕರು ಅಕ್ಕನ ಮೇಜಿನಿಂದ ಒಂದು ಪ್ರತಿ ಎತ್ತಿ ತಿರುವಿದವರೇ ಹುಬ್ಬು ಗಂಟಿಕ್ಕಿದರು. "ಏನಕ್ಕ, ಇದಕ್ಕೆ ಕೊನೇ ಫಾರಂ ಹೊಲಿಯೋದೇ ಮರೆತಿದೀರಲ್ಲ."

"ಮರೆತಿಲ್ಲ ಸಾರ್. ಆ ಪುಸ್ತಕ ನಂಗೆ ಅಂತ ಹೊಲ್ಕೊಂಡಿದ್ದು. ಆ ಹುಡುಗ ಸಾಯೋದು ನಂಗೆ ಒಪ್ಪಿಗೆ ಇಲ್ಲ."

"ಬರೆದವರೇ ಸಾಯಿಸಿದಾರೆ. ಉಳಿಸೋಕೆ ನೀವ್ಯಾರು?"

"ಅವರು ಬರೆದು ಕೈ ತೊಳ್ಕೊಂಡ್ರು. ಪುಸ್ತಕ ಕಟ್ಟೋಳು ನಾನು."

ಮೇಜಿನ ಮೇಲೆ ಒಂಟಿಯಾಗಿ ಉಳಿದಿದ್ದ ಫಾರಂ ಕಡೆ ಮಾಲೀಕರು ಬೆರಳು ತೋರಿದರು. "ಮತ್ತೆ ಇದನ್ನೇನು ಮಾಡೋದು?"

ಅಕ್ಕ ಅದನ್ನು ತನ್ನತ್ತ ಎಳೆದುಕೊಂಡು, ಸೋರುತ್ತಿದ್ದ ಅಂಟಿನ ಡಬ್ಬಿಯನ್ನು ಅದರ ಮೇಲೆ ಕುಕ್ಕಿದಳು.