ಧ್ವನಿ ಮುಚ್ಚಿ ನೋಡಿದ ಯುದ್ಧ

ಮೂರು ವರ್ಷಗಳ ಹಿಂದೆ ನಾನು ಕುವೈತಿನ ಅರ್ದಿಯಾದಲ್ಲಿ, ಗೋದಾಮುಗಳ ನಡುವಿನ ಒಂದು ಸ್ಟುಡಿಯೊದಲ್ಲಿ ಸಬ್‌ಟೈಟಲ್ ಪರೀಕ್ಷಕಿಯಾಗಿದ್ದೆ. ಅಮೆರಿಕದ ಹಳೆಯ ಗಡಿಯುದ್ಧಗಳ ಸಾಕ್ಷ್ಯಚಿತ್ರ ಮಾಲೆಗೆ ಅರಬ್ಬಿ ಸಾಲು ಕೂರಿಸುವ ಕೆಲಸ ಬಂದಿತ್ತು. ಅನುವಾದ ಬಂಟ್ವಾಳದ ಹಮೀದನದು. ಸಾಲುಗಳು ಸರಿಯಾದ ಕ್ಷಣಕ್ಕೆ ಬಂದು ಹೋಗುತ್ತವೆಯೇ ಎಂದು ನೋಡಿ ಸಹಿ ಹಾಕುವುದು ನನ್ನ ಪಾಲು. ಅರಬ್ಬಿ ನನಗೆ ಓದಲು ಬಾರದು. ಮೂರು ಪರದೆಗಳನ್ನು ಒಟ್ಟಿಗೆ, ಧ್ವನಿ ಮುಚ್ಚಿ ನೋಡುವುದು ನಮ್ಮಲ್ಲಿ ರೂಢಿ; ಬೇಗ ಮುಗಿಸುತ್ತೇನೆಂಬ ಹೆಮ್ಮೆ ಬೇರೆ.

ನಾಲ್ಕನೆಯ ಕಂತಿಗೆ ಎರಡು ಸ್ಕ್ರಿಪ್ಟ್ ಬಂದವು, ಮೊದಲೊಂದು, ವಾರದ ನಂತರ ಇನ್ನೊಂದು.

“ಗ್ರೇಸಿ ಬಾಯಿ, ಹೊಸದರಲ್ಲಿ ಸ್ವಲ್ಪ ಬೇರೆ ಉಂಟು. ಯಾವುದು ಹಿಡಿಯುವುದು?” ಎಂದು ಹಮೀದ್ ಕೇಳಿದ.

“ಹಳೆಯದರಲ್ಲಿ ಅರ್ಧ ಆಗಿದೆಯಲ್ಲ ಮಾರಾಯ, ಅದನ್ನೇ ಮುಗಿಸು. ಯಲ್ಲಾ, ಬೇಗ ಬೇಗ!” ಎಂದೆ.

ಪ್ರಸಾರ ಶನಿವಾರ ಸಂಜೆ. ಶುಕ್ರವಾರ ರಜೆ, ಬೆಳಿಗ್ಗೆ ಫರ್ವಾನಿಯಾದ ಮನೆಯಲ್ಲಿ ಮಗಳು ರಿಯಾಗೆ ಆ ಕಂತು ತೋರಿಸಿದೆ. ಅವಳು ಶಾಲೆಯಲ್ಲಿ ಅರಬ್ಬಿ ಕಲಿಯುತ್ತಿದ್ದಳು. ಕೋಟೆಯ ವೀರನ ಕಥೆ ಬಂದಾಗ ಹುಬ್ಬು ಗಂಟಿಕ್ಕಿದಳು.

“ಮಮ್ಮಾ, ಹೀ ಸೇಸ್ ದ ವಿಲೇಜ್ ವಾಸ್ ಸ್ಲೀಪಿಂಗ್. ಬಟ್ ಸಬ್‌ಟೈಟಲ್ ಸೇಸ್ ದೇ ಅಟ್ಯಾಕ್ಡ್ ಹಿಮ್!”

ಮಲಗಿದ್ದ ಊರಿನ ಮೇಲೆ ಆ ವೀರನೇ ಬಿದ್ದ ಎನ್ನುತ್ತಿತ್ತು ಧ್ವನಿ. ನಮ್ಮ ಸಾಲುಗಳಲ್ಲಿ ಊರವರೇ ದಾಳಿಕೋರರು. ಹೊಸ ಸ್ಕ್ರಿಪ್ಟಿನಲ್ಲಿ ತಯಾರಕರು ದಂತಕಥೆಯನ್ನು ತಿದ್ದಿದ್ದರು, ನಾವು ಹಳೆಯದನ್ನೇ ಅಂಟಿಸಿದ್ದೆವು.

ಮ್ಯಾನೇಜರರಿಗೆ ಫೋನ್ ಮಾಡಿ, ಸಾಲುಗಳು ತಪ್ಪಿವೆ ಎಂದಷ್ಟೇ ಹೇಳಿದೆ. ಹತ್ತು ನಿಮಿಷದಲ್ಲಿ ಅವರೇ ಮತ್ತೆ ಕರೆ ಮಾಡಿದರು. ತಪ್ಪು ತನ್ನದೆಂದು ಹಮೀದ್ ಒಪ್ಪಿಕೊಂಡನಂತೆ. ಅವನ ಇಕಾಮಾ, ಅಂದರೆ ಇಲ್ಲಿ ನೆಲೆಸುವ ಪರವಾನಗಿ, ಮುಂದಿನ ತಿಂಗಳು ಮುಗಿಯುತ್ತದೆ, ನವೀಕರಿಸುವುದಿಲ್ಲ. “ಖಲಾಸ್” ಎಂದರು.

ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ನನಗೆ ಮೊದಲು ಅನ್ನಿಸಿದ್ದು ನೆಮ್ಮದಿ. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಸುಮ್ಮನೆ ಓಡಾಡಿದೆ. ಕೈಯಲ್ಲಿದ್ದ ಫೋನಿನ ಆ ಕಡೆಯಿಂದ “ಹಲೋ, ಹಲೋ” ಕೇಳುತ್ತಲೇ ಇತ್ತು.

“ಹಳೆಯ ಸ್ಕ್ರಿಪ್ಟ್ ಹಿಡಿ ಎಂದವಳು ನಾನು, ಸರ್” ಎಂದೆ ಕೊನೆಗೆ.

ನನ್ನ ಸಹಿಯ ಅಧಿಕಾರ ಹೋಯಿತು. ಹಮೀದನ ಇಕಾಮಾ ಉಳಿಯಿತು.

ಜುಮ್ಮಾ ನಮಾಜು ಮುಗಿಸಿ ಅವನು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದ. ಐವತ್ತೆರಡು ನಿಮಿಷದ ಕಂತನ್ನು ಧ್ವನಿ ಜೋರಾಗಿಟ್ಟುಕೊಂಡು ಮೊದಲಿನಿಂದ ತಿದ್ದಿದೆವು. ಶನಿವಾರ ಅದೇ ಪ್ರಸಾರವಾಯಿತು. ಸುಳ್ಳು ಯಾಕೆ ಹೇಳಿದೆ ಎಂದು ತಿದ್ದುವಾಗಲೇ ಅವನನ್ನು ಗದರಿದ್ದೆ.

“ನಿಮ್ಮ ವೀಸಾದಲ್ಲಿ ಮಗಳಿದ್ದಾಳಲ್ಲ ಬಾಯಿ, ನೀವು ಹೋದರೆ ಅವಳೂ ಹೋಗಬೇಕು. ನಾನಾದರೆ ಒಬ್ಬನೇ” ಎಂದ.

ಕೇಳಿಸಿಕೊಳ್ಳದೆ ಯಾವುದಕ್ಕೂ ಸಹಿ ಹಾಕಬೇಡಿ ಎಂದು ಹೊಸಬರಿಗೆ ಈಗಲೂ ಹೇಳುತ್ತೇನೆ. ಕೆಲಸ ಕಲಿಸಿದ ಪಾಠ ಅದು. ಆದರೆ ಫೋನಿನಲ್ಲಿ ನಾನು ಸುಮ್ಮನಿದ್ದ ಆ ಒಂದು ನಿಮಿಷದ ವಿಷಯವನ್ನು ಹಮೀದನಿಗೆ ಇವತ್ತಿನವರೆಗೂ ಹೇಳಲಾಗಿಲ್ಲ.